ಕೇಳುವ ತಂತಿ, ಆಳುವ ತಂತಿ

ಹೈಬ್ರಿಡ್ ಕಾರಿಗೆ ಕಂಪ್ಯೂಟರ್ ಜೋಡಿಸಿದ ಹವ್ಯಾಸಿಗಳ ಕಥೆ, ಮತ್ತು ಅದರಿಂದ ಕಲಿಯಬೇಕಾದ ಲೆಕ್ಕ

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡನ್ನೂ ಒಂದೇ ಗಾಡಿಯಲ್ಲಿ ಕೂಡಿಸಿ, ಯಾವ ಗಳಿಗೆಯಲ್ಲಿ ಯಾವುದು ಎಷ್ಟು ದುಡಿಯಬೇಕೆಂಬ ತೀರ್ಮಾನವನ್ನು ಚಾಲಕನ ಕೈಯಿಂದ ತೆಗೆದು ಕಂಪ್ಯೂಟರಿಗೆ ಒಪ್ಪಿಸಿದ ವಾಹನವೇ ಹೈಬ್ರಿಡ್ ಕಾರು. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಇಂಥ ಕಾರಿನಲ್ಲಿ ನೇರವಾಗಿ ಎಂಜಿನ್ನಿಗೆ ಇಂಧನ ಹೋಗುವುದಿಲ್ಲ. ‘ಇಷ್ಟು ಬಲ ಬೇಕು’ ಎಂಬ ಕೋರಿಕೆ ಮಾತ್ರ ನಿಯಂತ್ರಣ ಘಟಕಕ್ಕೆ ಹೋಗುತ್ತದೆ, ಅದು ಬ್ಯಾಟರಿಯ ಸ್ಥಿತಿ, ಎಂಜಿನ್ನಿನ ಬಿಸಿ, ಗಾಡಿಯ ವೇಗ ಇವೆಲ್ಲವನ್ನೂ ತೂಗಿ ನೋಡಿ ಕೆಲಸವನ್ನು ಹಂಚುತ್ತದೆ. ಹೀಗಾಗಿ ಹೈಬ್ರಿಡ್ ಕಾರಿಗೆ ಕಂಪ್ಯೂಟರ್ ಉಪಕರಣ ಜೋಡಿಸುವುದೆಂದರೆ, ಆಗಲೇ ಕಂಪ್ಯೂಟರಿನ ಆಡಳಿತದಲ್ಲಿರುವ ಮನೆಗೆ ಇನ್ನೊಂದು ಕಂಪ್ಯೂಟರನ್ನು ಒಳಬಿಟ್ಟುಕೊಂಡಂತೆ. ಹೊಸದಾಗಿ ಬಂದದ್ದು ಮನೆಯವರ ಮಾತನ್ನು ಕೇಳಿಸಿಕೊಂಡು ಸುಮ್ಮನಿರುತ್ತದೆಯೋ, ಮನೆಯ ಅನ್ನದಲ್ಲಿ ಪಾಲು ಕೇಳುತ್ತದೆಯೋ, ಅಥವಾ ಮನೆಯ ಯಜಮಾನಿಕೆಗೇ ಕೈ ಹಾಕುತ್ತದೆಯೋ ಎಂಬುದರ ಮೇಲೆ ಅದರ ಗುಣದೋಷಗಳು ನಿಂತಿವೆ.

ಕೇಳುವುದು, ಉಣ್ಣುವುದು, ಆಳುವುದು ಎಂಬ ಈ ಮೂರು ಬಗೆಗಳನ್ನು ಬೇರೆಬೇರೆಯಾಗಿ ನೋಡದೆ, ಎಲ್ಲವನ್ನೂ ‘ಮಾಡಿಫಿಕೇಶನ್’ ಎಂಬ ಒಂದೇ ಹೆಸರಿನಲ್ಲಿ ಹೊಗಳುವುದಾಗಲಿ ತೆಗಳುವುದಾಗಲಿ ವಿಷಯವನ್ನು ತಿಳಿಗೊಳಿಸುವುದಿಲ್ಲ. ಟೊಯೊಟಾ ಕಂಪನಿಯ ಪ್ರಿಯಸ್ ಕಾರಿನ ಸುತ್ತ ಅಮೆರಿಕದ ಹವ್ಯಾಸಿಗಳು ನಡೆಸಿದ ಪ್ರಯೋಗಗಳು ಈ ಮೂರಕ್ಕೂ ಅತ್ಯುತ್ತಮ ಉದಾಹರಣೆಗಳನ್ನು ಒದಗಿಸುತ್ತವೆ.

ಪ್ರಿಯಸ್ಸೇ ಏಕೆ?

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್, 2000ದಲ್ಲಿ ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿತು; 2003ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯ ಮಾದರಿ ಹವ್ಯಾಸಿಗಳ ಕೈಗೆ ಸಿಕ್ಕ ಮೊದಲ ದೊಡ್ಡ ಪ್ರಯೋಗಶಾಲೆಯಾಯಿತು. 1.5 ಲೀಟರಿನ ಎಂಜಿನ್, ಎಂಜಿ-1 ಮತ್ತು ಎಂಜಿ-2 ಎಂದು ಕರೆಯಲಾಗುವ ಎರಡು ವಿದ್ಯುತ್ ಯಂತ್ರಗಳು, ಹಿಂದಿನ ಸೀಟಿನ ಬೆನ್ನಿಗೆ ಸುಮಾರು 200 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಡ್ಯಾಶ್‌ಬೋರ್ಡಿನ ನಡುವೆ ಏಳು ಇಂಚಿನ ಸ್ಪರ್ಶಪರದೆ ಇವು ಅದರ ಮುಖ್ಯ ಅಂಗಗಳು. ಎಂಜಿನ್ನಿನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಶಕ್ತಿ ಹರಿಯುವುದನ್ನು ಆ ಪರದೆ ಬಾಣಗಳ ಮೂಲಕ ತೋರಿಸುತ್ತಿತ್ತು. ಒಳಗೆ ನಡೆಯುವ ವ್ಯವಹಾರದ ಒಂದು ತುಣುಕನ್ನು ಹೀಗೆ ತೋರಿಸಿದ್ದೇ ಉಳಿದದ್ದನ್ನೂ ನೋಡಬೇಕೆಂಬ ಆಸೆಯನ್ನು ಹುಟ್ಟಿಸಿತು.

ಕಾರಿನಲ್ಲಿ ಪೂರ್ಣಪ್ರಮಾಣದ ಕಂಪ್ಯೂಟರ್ ಕೂರಿಸಲು ಹೊರಟವರಿಗೆ ಹೈಬ್ರಿಡ್‌ನಲ್ಲಿ ಇನ್ನೊಂದು ಅನುಕೂಲವೂ ಇತ್ತು. ಸಾಮಾನ್ಯ ಕಾರಿನಲ್ಲಿ ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟರ್ ಮೋಟಾರು 12 ವೋಲ್ಟಿನ ಬ್ಯಾಟರಿಯಿಂದ ನೂರಾರು ಆಂಪಿಯರ್ ಎಳೆದುಕೊಳ್ಳುವುದರಿಂದ ವೋಲ್ಟೇಜ್ ಒಮ್ಮೆಲೇ ಕುಸಿದು, ಅದಕ್ಕೆ ಜೋಡಿಸಿದ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಪ್ರಿಯಸ್‌ನಲ್ಲಿ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಕೆಲಸವನ್ನು ದೊಡ್ಡ ಬ್ಯಾಟರಿಯ ಬಲದಿಂದ ಎಂಜಿ-1 ಮಾಡುತ್ತದೆಯಾದ್ದರಿಂದ, ದಾರಿಯುದ್ದಕ್ಕೂ ಎಂಜಿನ್ ಎಷ್ಟು ಸಲ ನಿಂತು ಹೊರಟರೂ 12 ವೋಲ್ಟಿನ ತಂತಿಯಲ್ಲಿ ಅಂಥ ಕುಸಿತ ಕಾಣುವುದಿಲ್ಲ. ವಿಐಎ ಕಂಪನಿ 2001ರಲ್ಲಿ ಹೊರತಂದ, ಉದ್ದಗಲ 17 ಸೆಂಟಿಮೀಟರ್ ಮಾತ್ರ ಇರುವ ಮಿನಿ-ಐಟಿಎಕ್ಸ್ ಮದರ್‌ಬೋರ್ಡುಗಳನ್ನು ಡಿಕ್ಕಿಯ ಮೂಲೆಯಲ್ಲೋ ಸೀಟಿನಡಿಯಲ್ಲೋ ಅಡಗಿಸಿ, ಕಾರಿನದೇ ಪರದೆಗೆ ಚಿತ್ರ ಹಾಯಿಸಿ, ಹಾಡು ಮತ್ತು ನಕಾಶೆಗಳನ್ನು ನಡೆಸಿದವರು ಆ ಕಾಲದಲ್ಲಿ ಅನೇಕರಿದ್ದರು. ಸ್ಮಾರ್ಟ್‌ಫೋನ್ ಬಂದ ಮೇಲೆ ಈ ಶ್ರಮವೆಲ್ಲ ಅನಗತ್ಯವಾಯಿತು. ಆದರೆ ಅವರು ಕಾರಿನ ಒಳಮಾತನ್ನು ಓದಲು ಕಂಡುಕೊಂಡ ದಾರಿ ಮಾತ್ರ ಇಂದಿಗೂ ಉಳಿದಿದೆ.

ಕೇಳುವ ಉಪಕರಣಗಳು

ಕಾರಿನ ನಿಯಂತ್ರಣ ಘಟಕಗಳು ಒಂದರೊಡನೊಂದು ಮಾತಾಡುವ ಜಾಲಕ್ಕೆ ‘ಕ್ಯಾನ್ ಬಸ್’ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ಪರಿಚಯಿಸಿದ ಈ ವ್ಯವಸ್ಥೆಯಲ್ಲಿ ಒಂದಕ್ಕೊಂದು ಹೆಣೆದ ಎರಡೇ ತಂತಿಗಳಿರುತ್ತವೆ. ಎಲ್ಲ ಘಟಕಗಳೂ ಅದೇ ಜೋಡಿ ತಂತಿಗೆ ಅಂಟಿಕೊಂಡಿರುವುದರಿಂದ ಒಬ್ಬರು ಆಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆಯಿದ್ದು, ಇಬ್ಬರು ಏಕಕಾಲಕ್ಕೆ ಬಾಯಿ ತೆರೆದರೆ ಸಣ್ಣ ಸಂಖ್ಯೆಯ ಸಂದೇಶಕ್ಕೆ ಮೊದಲ ಸರದಿ ಸಿಗುತ್ತದೆ. ಸಂದೇಶ ಯಾವ ವಿಷಯದ್ದೆಂದು ಆ ಸಂಖ್ಯೆ ಹೇಳುತ್ತದೆಯೇ ಹೊರತು ಅದನ್ನು ಕಳಿಸಿದವರು ಯಾರೆಂದು ಸಾಬೀತುಪಡಿಸುವ ಯಾವ ಸಹಿಯೂ ಮೂಲ ವಿನ್ಯಾಸದಲ್ಲಿಲ್ಲ. ಈ ಕೊರತೆಯ ಪರಿಣಾಮ ಮುಂದೆ ಕಾಣುತ್ತದೆ.

ಈ ಜಾಲಕ್ಕೆ ಹೊರಗಿನಿಂದ ಕಿವಿಗೊಡಲು ಇರುವ ಬಾಗಿಲು, ಸ್ಟಿಯರಿಂಗಿನ ಕೆಳಗೆ ಮೊಣಕಾಲಿನ ಹತ್ತಿರವಿರುವ 16 ಪಿನ್ನುಗಳ ಒಬಿಡಿ ಪೋರ್ಟ್. ಹೊಗೆಯ ಪ್ರಮಾಣ ಮತ್ತು ಎಂಜಿನ್ ದೋಷಗಳನ್ನು ಪರೀಕ್ಷಿಸಲೆಂದು ಅಮೆರಿಕದಲ್ಲಿ 1996ರ ಮಾದರಿಯಿಂದ ಇದರ ಎರಡನೆಯ ಆವೃತ್ತಿ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್-4 ಮಾನದಂಡದ ಭಾಗವಾಗಿ 2013ರ ಏಪ್ರಿಲಿನಿಂದ ಕಾರುಗಳಿಗೆ ಬಂತು. ಸರ್ವಿಸ್ ಸೆಂಟರಿನ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚುವುದು ಇದಕ್ಕೇ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ-327 ಎಂಬ ಚಿಪ್ ಈ ಪೋರ್ಟಿನ ಭಾಷೆಯನ್ನು ಸಾಮಾನ್ಯ ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡಿತು. ಇಂದು ಅದರ ನಕಲುಗಳನ್ನೊಳಗೊಂಡ ಬೆಂಕಿಪೊಟ್ಟಣದ ಗಾತ್ರದ ಬ್ಲೂಟೂತ್ ಅಡಾಪ್ಟರುಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಆಂಡ್ರಾಯ್ಡ್ ಫೋನಿನ ‘ಟಾರ್ಕ್’, ಹೈಬ್ರಿಡ್‌ಗಳಿಗೆಂದೇ ಬರೆದ ‘ಹೈಬ್ರಿಡ್ ಅಸಿಸ್ಟೆಂಟ್’, ‘ಡಾಕ್ಟರ್ ಪ್ರಿಯಸ್’ ಮೊದಲಾದ ಆ್ಯಪ್‌ಗಳು ಈ ಅಡಾಪ್ಟರಿನ ಮೂಲಕವೇ ಕೆಲಸ ಮಾಡುತ್ತವೆ. ಫೋನಿಗೂ ಮೊದಲು, ಡ್ಯಾಶ್‌ಬೋರ್ಡಿನ ಮೇಲೆ ಕೂರುವ ಸ್ಕ್ಯಾನ್‌ಗೇಜ್ ಎಂಬ ಪುಟ್ಟ ಮೀಟರು ಇದೇ ಕೆಲಸಕ್ಕೆ ಹೆಸರಾಗಿತ್ತು.

ಇಂಥ ಮೀಟರು ತೋರಿಸುವ ಅಂಕಿಗಳಲ್ಲಿ ಹೈಬ್ರಿಡ್ ಮಾಲೀಕನಿಗೆ ಮುಖ್ಯವಾದವು ಎರಡು. ಮೊದಲನೆಯದು ಎಂಜಿನ್ನಿನ ಕೂಲಂಟ್‌ನ ಬಿಸಿ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಹೊರಟ ಪ್ರಿಯಸ್ ಸಿಗ್ನಲ್ಲಿನಲ್ಲಿ ನಿಂತರೂ ಎಂಜಿನ್ನನ್ನು ಆರಿಸುವುದಿಲ್ಲ. ಹೊಗೆ ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಾಯಬೇಕು, ಎಂಜಿನ್ ಹದಕ್ಕೆ ಬರಬೇಕು. ಅಂಕಿ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುವುದನ್ನು ಮೀಟರಿನಲ್ಲಿ ಕಂಡ ಚಾಲಕನಿಗೆ, ಮನೆಯ ಹತ್ತಿರದ ಒಂದೊಂದು ಕಿಲೋಮೀಟರಿನ ಐದು ಓಡಾಟಗಳಿಗಿಂತ ಅವೆಲ್ಲವನ್ನೂ ಸೇರಿಸಿದ ಒಂದು ಓಡಾಟ ಏಕೆ ಅಗ್ಗ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಎರಡನೆಯದು ದೊಡ್ಡ ಬ್ಯಾಟರಿಯ ಭರ್ತಿಯ ಪ್ರಮಾಣ. ಕಂಪ್ಯೂಟರು ಆ ಬ್ಯಾಟರಿಯನ್ನು ಎಂದೂ ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಬರಿದೂ ಮಾಡುವುದಿಲ್ಲ. ಸುಮಾರು ಶೇಕಡಾ 40ರಿಂದ 80ರ ನಡುವೆ, ಸಾಧ್ಯವಾದಷ್ಟು 60ರ ಹತ್ತಿರ ಇಡಲು ಯತ್ನಿಸುತ್ತದೆ. ಬ್ಯಾಟರಿ ವರ್ಷಗಟ್ಟಲೆ ಬಾಳುವುದಕ್ಕೆ ಈ ಸಂಯಮವೇ ಮುಖ್ಯ ಕಾರಣ, ಮತ್ತು ಡ್ಯಾಶ್‌ಬೋರ್ಡಿನ ಚಿತ್ರದಲ್ಲಿ ‘ತುಂಬಿದೆ’ ಎಂದು ಕಾಣುವುದು ನಿಜವಾದ ತುಂಬುವಿಕೆಯಲ್ಲ ಎಂಬುದೂ ಮೀಟರಿನಿಂದಲೇ ಗೊತ್ತಾಗುತ್ತದೆ.

ಇಂಥ ತಿಳಿವಳಿಕೆಯಿಂದ ಬೆಳೆದ ಚಾಲನಾಕ್ರಮಕ್ಕೆ ‘ಹೈಪರ್‌ಮೈಲಿಂಗ್’ ಎಂಬ ಹೆಸರು ಬಂತು. ಎಂಜಿನ್ ಚೆನ್ನಾಗಿ ದುಡಿಯುವ ಹದದಲ್ಲಿ ವೇಗ ಹೆಚ್ಚಿಸಿಕೊಂಡು, ಬಳಿಕ ಆಕ್ಸಿಲರೇಟರನ್ನು ಅತಿ ಸೂಕ್ಷ್ಮವಾಗಿ ಹಿಡಿದು, ಎಂಜಿನ್ನೂ ಬ್ಯಾಟರಿಯೂ ದುಡಿಯದ ಸ್ಥಿತಿಯಲ್ಲಿ ಗಾಡಿಯನ್ನು ಜಾರಲು ಬಿಡುವುದು ಅದರ ಸಾರ. 2005ರ ಆಗಸ್ಟಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹವ್ಯಾಸಿಗಳ ತಂಡವೊಂದು ಸರದಿಯಂತೆ ಚಲಾಯಿಸಿದ ಪ್ರಿಯಸ್, ಹೆಚ್ಚುವರಿ ಬ್ಯಾಟರಿಯ ನೆರವಿಲ್ಲದೆ, ಒಂದೇ ಟ್ಯಾಂಕಿನಲ್ಲಿ 1,397 ಮೈಲಿ ಓಡಿತು. ಎಂದರೆ ಲೀಟರಿಗೆ 46 ಕಿಲೋಮೀಟರಿಗೂ ಮಿಕ್ಕ ಮೈಲೇಜ್. ಆ ಪೀಳಿಗೆಯ ಕಾರಿಗೆ ಅಮೆರಿಕದ ಸರಕಾರಿ ಲೆಕ್ಕ ಕೊಡುವ ಮೈಲೇಜ್ ಲೀಟರಿಗೆ 20 ಕಿಲೋಮೀಟರಿನ ಆಸುಪಾಸು. ದಿನನಿತ್ಯದ ವಾಹನ ಸಂದಣಿಯಲ್ಲಿ ಅಷ್ಟು ನಿಧಾನವಾಗಿ ಓಡಿಸುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೂ ಚಾಲಕನ ಪಾದದಲ್ಲಿ ಎಷ್ಟು ಇಂಧನ ಅಡಗಿದೆ ಎಂಬುದಕ್ಕೆ ಅದೊಂದು ಅಳತೆಗೋಲು.

ಉಣ್ಣುವ ಉಪಕರಣಗಳು

ಕೇಳುವ ಉಪಕರಣಕ್ಕೆ ಬೇಕಾಗುವುದು ತೊಟ್ಟು ವಿದ್ಯುತ್ತು. ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್, ಚಿಕ್ಕ ಫ್ರಿಜ್, ಲ್ಯಾಪ್‌ಟಾಪ್ ಚಾರ್ಜರ್ ಮೊದಲಾದವು ಹಾಗಲ್ಲ, ಅವು ಕಾರಿನ ಊಟದಲ್ಲಿ ಪಾಲು ಪಡೆಯುತ್ತವೆ. ಇಲ್ಲಿ ಹೊಸಬರು ಮೊದಲು ಎಡವುವುದು ‘ಇಷ್ಟು ದೊಡ್ಡ ಬ್ಯಾಟರಿ ಇರುವ ಕಾರಿಗೆ ಇದ್ಯಾವ ಭಾರ’ ಎಂಬ ಊಹೆಯಲ್ಲಿ. ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿಗಳು ಎರಡಿರುತ್ತವೆ: ಚಕ್ರ ತಿರುಗಿಸಲು 200 ವೋಲ್ಟಿನ ದೊಡ್ಡದು, ದೀಪ, ಬೀಗ, ಕಂಪ್ಯೂಟರುಗಳಿಗಾಗಿ 12 ವೋಲ್ಟಿನ ಚಿಕ್ಕದು. ಹೊರಗಿನ ಉಪಕರಣಗಳೆಲ್ಲ ಜೋಡಣೆಯಾಗುವುದು ಚಿಕ್ಕದಕ್ಕೆ. ಅದಾದರೋ ಸ್ಟಾರ್ಟರ್ ತಿರುಗಿಸುವ ಹೊಣೆ ಇಲ್ಲದ ಕಾರಣ ಸಾಮಾನ್ಯ ಕಾರಿನ ಬ್ಯಾಟರಿಗಿಂತಲೂ ಪುಟ್ಟದಾಗಿರುತ್ತದೆ.

ಎರಡನೆಯ ಪೀಳಿಗೆಯ ಪ್ರಿಯಸ್‌ನಲ್ಲಿ ಈ ಚಿಕ್ಕ ಬ್ಯಾಟರಿ ಡಿಕ್ಕಿಯ ಬಲಮೂಲೆಯಲ್ಲಿ ಅಡಗಿದ್ದು, ಅದರ ಸಾಮರ್ಥ್ಯ 30 ಆಂಪಿಯರ್-ಅವರ್ ಆಸುಪಾಸಿನದು, ಎಂದರೆ ಒಂದು ಆಂಪಿಯರಿನಂತೆ 30 ತಾಸು ಕೊಡಬಲ್ಲಷ್ಟು. ನಿಂತ ಕಾರನ್ನೂ ಕಾಯುವ ಡ್ಯಾಶ್‌ಕ್ಯಾಮೊಂದು 5 ವ್ಯಾಟ್ ಬಳಸುತ್ತದೆಂದುಕೊಂಡರೆ ಸುಮಾರು 0.4 ಆಂಪಿಯರಿನಂತೆ ದಿನಕ್ಕೆ 10 ಆಂಪಿಯರ್-ಅವರ್ ಖರ್ಚಾಗಿ, ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಸತ್ತಿರುತ್ತದೆ. ದೊಡ್ಡ ಬ್ಯಾಟರಿಯನ್ನು ಉಳಿದ ವ್ಯವಸ್ಥೆಗೆ ಜೋಡಿಸುವ ರಿಲೇಗಳನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳನ್ನು, ಮುಚ್ಚಲು ಬೇಕಾಗುವುದು ಇದೇ 12 ವೋಲ್ಟು. ಆದ್ದರಿಂದ ಬೆನ್ನ ಹಿಂದೆ 200 ವೋಲ್ಟಿನ ಭಂಡಾರವಿದ್ದರೂ, ಅದರ ಬೀಗದ ಕೈ ಕಳೆದುಹೋದಂತಾಗಿ ಕಾರು ಮಿಸುಕದೆ ನಿಲ್ಲುತ್ತದೆ. ಕಾರು ನಿಂತಾಗ ತಾನೇ ಆಫ್ ಆಗುವ ಫ್ಯೂಸಿನಿಂದ ವೈರ್ ಎಳೆಯುವುದು, ವೋಲ್ಟೇಜ್ ಇಳಿದ ಕೂಡಲೇ ಕತ್ತರಿಸುವ ಕಟ್-ಆಫ್ ಸಾಧನ ಹಾಕುವುದು, ವೈರಿನ ದಪ್ಪಕ್ಕೆ ತಕ್ಕ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಕೂರಿಸುವುದು ಎಂಬ ಮೂರು ಶಿಸ್ತುಗಳು ಹುಟ್ಟಿದ್ದು ಇದರಿಂದಲೇ.

ಕಾರು ‘ರೆಡಿ’ ಸ್ಥಿತಿಯಲ್ಲಿದ್ದಾಗ ಮಾತ್ರ ಲೆಕ್ಕ ಬೇರೆ. ಸಾಮಾನ್ಯ ಕಾರಿನ ಆಲ್ಟರ್ನೇಟರಿನ ಜಾಗದಲ್ಲಿ ಇಲ್ಲಿರುವ ಡಿಸಿ-ಡಿಸಿ ಕನ್ವರ್ಟರ್ ಎಂಬ ಘಟಕ 200 ವೋಲ್ಟನ್ನು 12ರ ಮಟ್ಟಕ್ಕೆ ಇಳಿಸಿ ಸುಮಾರು 100 ಆಂಪಿಯರ್‌ವರೆಗೆ ಒದಗಿಸಬಲ್ಲದು. ಕಾರಿನ ಸ್ವಂತ ಬಳಕೆಯನ್ನು ಕಳೆದು, 1,000 ವ್ಯಾಟಿನೊಳಗಿನ ಇನ್ವರ್ಟರನ್ನು ಚಿಕ್ಕ ಬ್ಯಾಟರಿಗೆ ಜೋಡಿಸಿ, ಬಿರುಗಾಳಿ ಹಿಮಪಾತಗಳಲ್ಲಿ ಕರೆಂಟು ಹೋದಾಗ ಮನೆಯ ಫ್ರಿಜ್ಜು, ದೀಪಗಳನ್ನು ನಡೆಸಿದ ಅಮೆರಿಕನ್ನರಿದ್ದಾರೆ. ದೊಡ್ಡ ಬ್ಯಾಟರಿಯ ಒಟ್ಟು ಸಾಮರ್ಥ್ಯ 1.3 ಯೂನಿಟ್ ಮಾತ್ರ. ಅದರ ಐದನೆಯ ಒಂದು ಭಾಗ ಬಳಕೆಗೆ ಸಿಕ್ಕರೂ 500 ವ್ಯಾಟಿನ ಭಾರವನ್ನು ಅರ್ಧ ತಾಸು ಹೊತ್ತು, ಬಳಿಕ ಎಂಜಿನ್ ತಾನಾಗಿ ಎದ್ದು ಕೆಲವು ನಿಮಿಷ ಓಡಿ ಬ್ಯಾಟರಿ ತುಂಬಿ ಮತ್ತೆ ಮಲಗುತ್ತದೆ. ಈ ‘ತಾನಾಗಿ ಏಳುವ’ ಗುಣವೇ ಅಪಾಯವೂ ಹೌದು, ಏಕೆಂದರೆ ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಮಾಡಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರಿ ಜೀವ ತೆಗೆಯುತ್ತದೆ. ಟೊಯೊಟಾ ತನ್ನ ಎಸ್ಟಿಮಾ ಹೈಬ್ರಿಡ್ ವ್ಯಾನಿನಲ್ಲಿ 2001ರಲ್ಲೇ 1,500 ವ್ಯಾಟಿನ ಪ್ಲಗ್ ಪಾಯಿಂಟ್ ಒದಗಿಸಿತ್ತು, 2011ರ ಜಪಾನ್ ಭೂಕಂಪದ ಸಂತ್ರಸ್ತ ಪ್ರದೇಶಗಳಲ್ಲಿ ಅಂಥ ಗಾಡಿಗಳ ಉಪಯೋಗ ಎದ್ದುಕಂಡಿತು. ಹವ್ಯಾಸಿಗಳ ಕಲ್ಪನೆ ಹುಚ್ಚಾಟವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಆಳಲು ಹೊರಟ ಒಂದು ತಂತಿ

ಮೂರನೆಯ ಬಗೆಯ ಕಥೆ ಒಂದು ಗುಂಡಿಯಿಂದ ಶುರುವಾಗುತ್ತದೆ. ಜಪಾನ್ ಮತ್ತು ಯುರೋಪಿನ ಪ್ರಿಯಸ್‌ಗಳಲ್ಲಿ, ಎಂಜಿನ್ನನ್ನು ಎಬ್ಬಿಸದೆ ಸ್ವಲ್ಪ ದೂರ ಬ್ಯಾಟರಿಯಲ್ಲೇ ಹೋಗಲು ‘ಇವಿ’ ಎಂಬ ಗುಂಡಿಯಿತ್ತು; ಅಮೆರಿಕಕ್ಕೆ ಕಳಿಸಿದ ಕಾರುಗಳಲ್ಲಿ ಅದಿರಲಿಲ್ಲ. ಗುಂಡಿ ಇಲ್ಲದಿದ್ದರೂ ಒಳಗಿನ ತಂತ್ರಾಂಶ ಹಾಗೆಯೇ ಉಳಿದಿದೆಯೆಂಬುದನ್ನು ಪತ್ತೆಹಚ್ಚಿದ ಹವ್ಯಾಸಿಗಳು, ಗ್ಲೋವ್ ಬಾಕ್ಸಿನ ಹಿಂದಿರುವ ಹೈಬ್ರಿಡ್ ನಿಯಂತ್ರಣ ಘಟಕದ ಕನೆಕ್ಟರಿನಲ್ಲಿ ಖಾಲಿ ಬಿಟ್ಟಿದ್ದ ಒಂದು ಕಿಂಡಿಗೆ ಪಿನ್ ತೂರಿಸಿ, ಅದಕ್ಕೊಂದು ಸಾದಾ ಸ್ವಿಚ್ ಕಟ್ಟಿ, ಒತ್ತಿದಾಗ ಅದು ಕಾರಿನ ಲೋಹದ ಮೈಗೆ ತಾಗುವಂತೆ ಮಾಡಿದರು. ಹೆಚ್ಚಿನದೇನನ್ನೂ ಮಾಡದೆ ಕಾರು ಸದ್ದಿಲ್ಲದೆ ಹೊರಟಿತು.

ಆ ಗುಂಡಿಗೂ ಮಿತಿಗಳಿದ್ದವು. ವೇಗ ತಾಸಿಗೆ 55 ಕಿಲೋಮೀಟರಿನ ಸುಮಾರಿಗೆ ಬಂದರೆ, ಆಕ್ಸಿಲರೇಟರನ್ನು ಜೋರಾಗಿ ಒತ್ತಿದರೆ, ಬ್ಯಾಟರಿ ತಗ್ಗಿದರೆ ಇವಿ ಸ್ಥಿತಿ ರದ್ದಾಗುತ್ತಿತ್ತು. ಏನೇ ಮಾಡಿದರೂ 67 ಕಿಲೋಮೀಟರಿನ ಸುಮಾರಿಗೆ ಎಂಜಿನ್ ತಿರುಗಲೇಬೇಕಿತ್ತು. ಇದನ್ನು ತಂತ್ರಾಂಶದ ಮೊಂಡುತನವೆಂದು ತಿಳಿದು ಮೀರಲು ಹೊರಟವರಿಗೆ ಉತ್ತರ ಸಿಕ್ಕಿದ್ದು ಗೇರಿನ ಹಲ್ಲುಗಳಲ್ಲಿ. ಎಂಜಿನ್, ಎಂಜಿ-1, ಎಂಜಿ-2 ಮೂರನ್ನೂ ಬೆಸೆಯುವ ಗ್ರಹಚಕ್ರ ಗೇರು, ಅಂದರೆ ಸೂರ್ಯನ ಸುತ್ತ ಗ್ರಹಗಳಂತೆ ನಡುವಿನ ಗೇರಿನ ಸುತ್ತ ಚಿಕ್ಕ ಗೇರುಗಳು ಸುತ್ತುವ ರಚನೆ, ಈ ಕಾರಿನ ಹೃದಯ. ಅದರ ನಡುವಿನ ಸೂರ್ಯಚಕ್ರಕ್ಕೆ 30 ಹಲ್ಲು, ಅದು ಎಂಜಿ-1ಕ್ಕೆ ಸೇರಿದ್ದು. ಹೊರಗಿನ ಬಳೆಗೆ 78 ಹಲ್ಲು, ಅದು ಎಂಜಿ-2 ಮತ್ತು ಚಕ್ರಗಳಿಗೆ ಸೇರಿದ್ದು. ನಡುವಣ ಗ್ರಹಗಳನ್ನು ಹೊತ್ತ ಚೌಕಟ್ಟು ಎಂಜಿನ್ನಿನದು. ಎಂಜಿನ್ ನಿಂತಿದ್ದರೆ ಬಳೆ ಒಂದು ಸುತ್ತು ಬಂದಾಗ ಸೂರ್ಯಚಕ್ರ ಹಿಮ್ಮುಖವಾಗಿ 2.6 ಸುತ್ತು ಬರಲೇಬೇಕು. ಗಾಡಿ 67 ಕಿಲೋಮೀಟರ್ ವೇಗಕ್ಕೆ ಏರಿದಾಗ ಎಂಜಿ-1 ನಿಮಿಷಕ್ಕೆ 6,000ಕ್ಕೂ ಹೆಚ್ಚು ಸುತ್ತು ಹಿಮ್ಮುಖವಾಗಿ ತಿರುಗುತ್ತಿರುತ್ತದೆ. ಅದನ್ನು ಅತಿವೇಗದಿಂದ ಕಾಪಾಡಲು ಎಂಜಿನ್ನನ್ನು ತಿರುಗಿಸಿಯೇ ತೀರಬೇಕು. ತಂತ್ರಾಂಶ ಹೇಳುತ್ತಿದ್ದ ‘ಬೇಡ’ದ ಹಿಂದೆ ಉಕ್ಕಿನ ಕಾರಣವಿತ್ತು. ಜತೆಗೆ ಗುಂಡಿ ಒತ್ತಿದ್ದರಿಂದ ಶಕ್ತಿ ಹೊಸದಾಗಿ ಹುಟ್ಟುವುದೂ ಇಲ್ಲ. ಬ್ಯಾಟರಿಯಲ್ಲಿರುವುದೆಲ್ಲ ಪೆಟ್ರೋಲಿನಿಂದ ಬಂದದ್ದೇ, ಅದನ್ನು ಈಗ ಖಾಲಿಮಾಡಿದರೆ ಮುಂದೆ ಎಂಜಿನ್ ದುಡಿದು ತುಂಬಬೇಕು.

ಗೋಡೆಯ ಪ್ಲಗ್ಗಿಗೆ ಬಂದ ಪ್ರಿಯಸ್

ಹಾಗಾದರೆ ಪೆಟ್ರೋಲಿನಿಂದಲ್ಲದೆ ಮನೆಯ ಕರೆಂಟಿನಿಂದಲೇ ಬ್ಯಾಟರಿ ತುಂಬಿದರೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಫೀಲಿಕ್ಸ್ ಕ್ರೇಮರ್ ಸ್ಥಾಪಿಸಿದ ಕ್ಯಾಲ್‌ಕಾರ್ಸ್ ಎಂಬ ಲಾಭರಹಿತ ಸಂಸ್ಥೆಯ ಪರವಾಗಿ ಎಂಜಿನಿಯರ್ ರಾನ್ ಗ್ರೆಂಬನ್ 2004ರಲ್ಲಿ ತಮ್ಮ ಪ್ರಿಯಸ್‌ಗೆ ಸೀಸ-ಆಮ್ಲ ಬ್ಯಾಟರಿಗಳ ಸಾಲನ್ನು ಕೂಡಿಸಿ ಗೋಡೆಯ ಪ್ಲಗ್ಗಿನಿಂದ ತುಂಬುವಂತೆ ಮಾಡಿದರು. ಬ್ಯಾಟರಿ ಕೂಡಿಸುವುದಕ್ಕಿಂತ ಕಂಪ್ಯೂಟರನ್ನು ಒಪ್ಪಿಸುವುದು ಕಷ್ಟದ ಕೆಲಸವಾಗಿತ್ತು: ಹೊಸ ಬ್ಯಾಟರಿಯ ವಿಷಯ ಹೈಬ್ರಿಡ್ ಘಟಕಕ್ಕೆ ಗೊತ್ತಿಲ್ಲವಾದ್ದರಿಂದ, ‘ಬ್ಯಾಟರಿ ತುಂಬಿ ತುಳುಕುತ್ತಿದೆ’ ಎಂಬ ಹುಸಿ ಸಂದೇಶ ಕೊಟ್ಟು ಅದು ಹೆಚ್ಚು ವಿದ್ಯುತ್ತು ಬಳಸುವಂತೆ ಮಾಡಬೇಕಿತ್ತು. ಕೇಳುವ ತಂತಿ ಆಳುವ ತಂತಿಯಾಗಿ ಬದಲಾದದ್ದು ಈ ಹಂತದಲ್ಲಿ.

ಬೇಗನೆ ಲೀಥಿಯಂ ಬ್ಯಾಟರಿಯ ಕಿಟ್ಟುಗಳೂ ಬಂದವು. ಗೂಗಲ್ ಸಂಸ್ಥೆ 2007ರಲ್ಲಿ ಆರಂಭಿಸಿದ ತನ್ನ ‘ರೀಚಾರ್ಜ್-ಐಟಿ’ ಯೋಜನೆಯಡಿ ಇಂಥ ಪರಿವರ್ತಿತ ಕಾರುಗಳನ್ನು ಓಡಿಸಿ, ಪ್ಲಗ್-ಇನ್ ಪ್ರಿಯಸ್‌ಗಳಿಂದ ಗ್ಯಾಲನ್ನಿಗೆ 90 ಮೈಲಿಗೂ ಮಿಕ್ಕ, ಎಂದರೆ ಲೀಟರಿಗೆ ಸುಮಾರು 38 ಕಿಲೋಮೀಟರಿನ ಮೈಲೇಜ್ ಪಡೆಯಿತು. ಎ123 ಸಿಸ್ಟಮ್ಸ್ ಕಂಪನಿ 2008ರಲ್ಲಿ ಮಾರಾಟಕ್ಕಿಟ್ಟ ಹೈಮೋಷನ್ ಕಿಟ್ಟಿನ ಸಾಮರ್ಥ್ಯ 5 ಯೂನಿಟ್, ಬೆಲೆ ಸುಮಾರು 10,000 ಡಾಲರ್. ವರ್ಷಕ್ಕೆ 12,000 ಮೈಲಿ ಓಡುವ ಪ್ರಿಯಸ್ ಆ ಮೊದಲೇ 260 ಗ್ಯಾಲನ್ ಪೆಟ್ರೋಲನ್ನಷ್ಟೇ ಕುಡಿಯುತ್ತಿತ್ತು. ಅದರಲ್ಲಿ ಅರ್ಧ ಉಳಿದರೂ, ಗ್ಯಾಲನ್ನಿಗೆ 4 ಡಾಲರಿನಂತೆ ವರ್ಷದ ಉಳಿತಾಯ 520 ಡಾಲರ್, ಎಂದರೆ ಕಿಟ್ಟಿನ ಹಣ ಹುಟ್ಟಲು 19 ವರ್ಷ. ಮೊದಲೇ ಮಿತವ್ಯಯಿಯಾದ ಗಾಡಿಯಲ್ಲಿ ಇನ್ನಷ್ಟು ಉಳಿಸಲು ಹೊರಟಾಗ ಖರ್ಚು ಏರುತ್ತ, ಉಳಿತಾಯ ಇಳಿಯುತ್ತ ಹೋಗುತ್ತದೆಂಬುದು ಈ ಲೆಕ್ಕದ ಪಾಠ.

ಅಪಾಯದ ಪಾಠ ಬೇರೆಯೇ ಇತ್ತು. 2008ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಓಡುತ್ತಿದ್ದ ಪರಿವರ್ತಿತ ಪ್ರಿಯಸ್ ಒಂದಕ್ಕೆ ಬೆಂಕಿ ಹತ್ತಿ ಕಾರು ಸುಟ್ಟುಹೋಯಿತು, ಯಾರಿಗೂ ಗಾಯವಾಗಲಿಲ್ಲ. ತನಿಖೆ ಬೆರಳು ಮಾಡಿದ್ದು ಬ್ಯಾಟರಿಯ ರಸಾಯನದ ಕಡೆಗಲ್ಲ, ಸರಿಯಾಗಿ ಬಿಗಿಯದ ಬೋಲ್ಟಿನ ಜೋಡಣೆಯ ಕಡೆಗೆ. ಸಡಿಲ ಜೋಡಣೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ, ತಡೆ ಬಿಸಿಯಾಗಿ, ಬಿಸಿ ಬೆಂಕಿಯಾಗುತ್ತದೆ. ಕಿತ್ತಳೆ ಬಣ್ಣದ ಹೊದಿಕೆಯಿರುವ ಕೇಬಲ್ಲುಗಳಲ್ಲಿ ಹರಿಯುವುದು ಪ್ರಾಣಾಂತಕ ವೋಲ್ಟೇಜು ಎಂಬ ಕಾರಣಕ್ಕೇ ತರಬೇತಾದ ಮೆಕ್ಯಾನಿಕ್ ಕೂಡ ರಬ್ಬರ್ ಕೈಗವಸು ತೊಟ್ಟು, ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಐದು ನಿಮಿಷ ಕಾದ ಮೇಲಷ್ಟೇ ಕೈಹಾಕುತ್ತಾನೆ.

ಇಷ್ಟಾದರೂ ಹವ್ಯಾಸಿಗಳ ಶ್ರಮ ವ್ಯರ್ಥವಾಗಲಿಲ್ಲ. ‘ಪ್ಲಗ್ ಹಾಕುವ ಗೊಡವೆಯೇ ಇಲ್ಲ’ ಎಂದು ಹೈಬ್ರಿಡ್‌ಗಳನ್ನು ಮಾರುತ್ತಿದ್ದ ಟೊಯೊಟಾ, 2012ರಲ್ಲಿ 4.4 ಯೂನಿಟ್ ಬ್ಯಾಟರಿಯ ಪ್ಲಗ್-ಇನ್ ಪ್ರಿಯಸ್ಸನ್ನು ತಾನೇ ಮಾರುಕಟ್ಟೆಗೆ ತಂದಿತು. ಅದೇ ವರ್ಷ ಎ123 ದಿವಾಳಿ ಅರ್ಜಿ ಸಲ್ಲಿಸಿತು.

ತೆರೆದ ಬಾಗಿಲಿನ ಬೆಲೆ

ಸಂದೇಶಕ್ಕೆ ಸಹಿಯಿಲ್ಲದ ಕ್ಯಾನ್ ಬಸ್ಸಿನಲ್ಲಿ ಹವ್ಯಾಸಿ ಹೇಳಿದ ಹುಸಿಯನ್ನು ನಂಬುವ ಕಾರು ಕಿಡಿಗೇಡಿ ಹೇಳಿದ್ದನ್ನೂ ನಂಬುತ್ತದೆ. 2013ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಸೆಕ್ ಎಂಬ ಸಂಶೋಧಕರು 2010ರ ಮಾದರಿಯ ಪ್ರಿಯಸ್ ಮತ್ತು ಫೋರ್ಡ್ ಎಸ್ಕೇಪ್ ಕಾರುಗಳ ಒಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಚಾಲಕನ ಅಪ್ಪಣೆಯಿಲ್ಲದೆ ಕಾರಿನ ಬ್ರೇಕು, ಸ್ಟಿಯರಿಂಗುಗಳ ಮೇಲೆ ಪ್ರಭಾವ ಬೀರಿ ತೋರಿಸಿದರು. ಇದೇ ಇಬ್ಬರು 2015ರಲ್ಲಿ ಜೀಪ್ ಕಾರೊಂದನ್ನು ಮೊಬೈಲ್ ಜಾಲದ ಮೂಲಕ ದೂರದಿಂದಲೇ ವಶಪಡಿಸಿಕೊಂಡಾಗ ತಯಾರಕರು 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು.

ಅದೇ ತೆರೆದ ಬಾಗಿಲಿನಿಂದ ಒಳ್ಳೆಯ ಕೆಲಸವೂ ನಡೆದಿದೆ. 2016ರ ಕೊನೆಯಲ್ಲಿ ಜಾರ್ಜ್ ಹಾಟ್ಜ್ ಅವರ ಕಾಮಾ ಕಂಪನಿ ಮುಕ್ತವಾಗಿ ಬಿಡುಗಡೆ ಮಾಡಿದ ‘ಓಪನ್‌ಪೈಲಟ್’ ತಂತ್ರಾಂಶ, ಕನ್ನಡಿಯ ಬಳಿ ಅಂಟಿಸಿದ ಕ್ಯಾಮೆರಾ ಉಪಕರಣದ ಮೂಲಕ ಕಾರನ್ನು ಲೇನಿನ ನಡುವೆ ಹಿಡಿದಿಟ್ಟು ಮುಂದಿನ ಗಾಡಿಯ ಅಂತರ ಕಾಯುತ್ತದೆ. ಪ್ರಿಯಸ್ ಸೇರಿ ಹಲವು ಹೈಬ್ರಿಡ್‌ಗಳಲ್ಲಿ ಇದು ನಡೆಯುತ್ತದೆ. ಆದರೂ ಕಾರು ತಯಾರಕರ ಒಲವು ಬಾಗಿಲು ಮುಚ್ಚುವ ಕಡೆಗಿದೆ: ಸಂದೇಶಗಳಿಗೆ ಗುಪ್ತಲಿಪಿಯ ಮುದ್ರೆ ಒತ್ತುವ ವ್ಯವಸ್ಥೆ ಟೊಯೊಟಾದ ಕೆಲವು ಹೊಸ ಮಾದರಿಗಳಲ್ಲಿ ಬಂದಿದ್ದು, ಅವುಗಳಲ್ಲಿ ಹೊರಗಿನ ಉಪಕರಣದ ಆಜ್ಞೆಗೆ ಕಿಮ್ಮತ್ತಿಲ್ಲ.

ಬಿಡದಿಯ ಕಾರುಗಳು, ಭಾರತದ ಕಾನೂನು

ಈ ಚರ್ಚೆ ಕರ್ನಾಟಕಕ್ಕೆ ದೂರದ್ದಲ್ಲ. ಬೆಂಗಳೂರು ಮೈಸೂರು ಹೆದ್ದಾರಿಯ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್, 2022ರಿಂದ ಅರ್ಬನ್ ಕ್ರೂಸರ್ ಹೈರೈಡರ್, ಅದರ ಜೋಡಿಯಾದ ಮಾರುತಿ ಗ್ರ್ಯಾಂಡ್ ವಿಟಾರ, ಬಳಿಕ ಇನ್ನೋವಾ ಹೈಕ್ರಾಸ್ ತಯಾರಾಗಿ ದೇಶದ ರಸ್ತೆಗಳಿಗೆ ಇಳಿದಿವೆ. ಇವುಗಳನ್ನು ಕೊಂಡವರಲ್ಲಿ ಅನೇಕರು ಶೋರೂಮಿನಿಂದ ನೇರವಾಗಿ ಆ್ಯಕ್ಸೆಸರಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸ್ಪೀಕರು, ಡ್ಯಾಶ್‌ಕ್ಯಾಮ್, ಬಣ್ಣದ ದೀಪಗಳಿಗಾಗಿ ವೈರಿನ ಸಿಪ್ಪೆ ಸುಲಿದು ಟೇಪು ಸುತ್ತುವ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಇಂಥಲ್ಲಿ ಉಪಕರಣದ ಬ್ರಾಂಡಿಗಿಂತ ಅದಕ್ಕೆ ಕರೆಂಟು ಎಲ್ಲಿಂದ ಎಳೆದಿದ್ದಾರೆ ಎಂದು ಕೇಳುವುದು ಮುಖ್ಯ.

ಕಾನೂನಿನ ಗೆರೆಯೂ ಹೆಚ್ಚುಕಡಿಮೆ ಕೇಳುವ ಮತ್ತು ಆಳುವ ತಂತಿಗಳ ನಡುವೆಯೇ ಹಾದುಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ವಿಧಿಯ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಸಾಮಾನ್ಯ ಕಾರಿಗೆ ಹೈಬ್ರಿಡ್ ಕಿಟ್ ಕೂಡಿಸುವುದಕ್ಕೆ ಎಐಎಸ್-123 ಎಂಬ ಪ್ರತ್ಯೇಕ ಮಾನದಂಡವಿದ್ದು, ಪರೀಕ್ಷೆಯಲ್ಲಿ ಉತ್ತೀರ್ಣವಾದ ಕಿಟ್ಟುಗಳಿಗೆ ಮಾತ್ರ ಆ ದಾರಿ ತೆರೆದಿದೆ. ಗ್ರೆಂಬನ್ ತಮ್ಮ ಮನೆಯಂಗಳದಲ್ಲಿ ಮಾಡಿದ್ದನ್ನು ಇಲ್ಲಿನ ರಸ್ತೆಯ ಕಾರಿನಲ್ಲಿ ಮಾಡಲು ಅವಕಾಶವಿಲ್ಲ, ಹೆಚ್ಚಿನವರಿಗೆ ಅಗತ್ಯವೂ ಇಲ್ಲ.

ಎರಡು ದಶಕಗಳ ಈ ಪ್ರಯೋಗಗಳನ್ನು ತೂಗಿ ನೋಡಿದರೆ ತೀರ್ಪು ಸ್ಪಷ್ಟವಾಗಿದೆ. ಆಳಲು ಹೊರಟವರು ಕಾರು ತಯಾರಕರಿಗೆ ದಾರಿ ತೋರಿಸಿದರು, ಆದರೆ ಅದರ ಖರ್ಚನ್ನೂ ಅಪಾಯವನ್ನೂ ತಾವೇ ಹೊತ್ತರು. ಕೇಳಲು ಕುಳಿತವರು ಕಾರನ್ನು ಬದಲಿಸದೆ ತಮ್ಮ ಓಡಿಸುವ ಕ್ರಮವನ್ನು ಬದಲಿಸಿಕೊಂಡು ಹೆಚ್ಚು ಗಳಿಸಿದರು. ಆದ್ದರಿಂದ ಹೈಬ್ರಿಡ್ ಕೊಂಡವರು ಮೊದಲು ಕೊಳ್ಳಬೇಕಾದ ಉಪಕರಣ ಆ ಚಿಕ್ಕ ಒಬಿಡಿ ಅಡಾಪ್ಟರೇ. ಒಂದು ತಿಂಗಳು ಅಂಕಿಗಳನ್ನು ಗಮನಿಸಿದ ಮೇಲೆ ಉಳಿದ ಉಪಕರಣಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಕಾರೇ ಹೇಳುತ್ತದೆ. ಅಡಾಪ್ಟರನ್ನು ಬಳಸುವವರು ನೆನಪಿಡಬೇಕಾದದ್ದು ಇಷ್ಟೇ: ಒಬಿಡಿ ಪೋರ್ಟಿನ 16ನೆಯ ಪಿನ್ನಿಗೆ ಕಾರು ಆಫ್ ಆದ ಮೇಲೂ 12 ವೋಲ್ಟು ಹರಿಯುತ್ತಲೇ ಇರುತ್ತದೆ, ಆದ್ದರಿಂದ ರಾತ್ರಿ ಕಾರು ನಿಲ್ಲಿಸಿದಾಗ ಅಡಾಪ್ಟರನ್ನು ಕಿತ್ತಿಟ್ಟು ಇಳಿಯಬೇಕು.